ಮತವಿಲ್ಲದವನ ಪ್ರಚಾರ: ಲೆವಿಟ್‌ಟೌನ್‌ನ ಬಾಗಿಲುಗಳಲ್ಲಿ ಏಳು ವಾರ

2008ರ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ನನಗೆ ಮತವಿರಲಿಲ್ಲ. 2006ರಲ್ಲಿ ಗ್ರೀನ್ ಕಾರ್ಡ್ ಬಂದಿತ್ತು, ಪೌರತ್ವ ದೂರವೇ ಇತ್ತು. ಆದರೂ 2008ರ ಸೆಪ್ಟೆಂಬರ್ 20ರಿಂದ ನವೆಂಬರ್ 4ರವರೆಗೆ ಒಂದು ವಾರಾಂತ್ಯವನ್ನೂ ಬಿಡದೆ ಡೆಮಾಕ್ರಟಿಕ್ ಅಭ್ಯರ್ಥಿ ಬರಾಕ್ ಒಬಾಮ ಪರವಾಗಿ ಮನೆ ಮನೆ ತಿರುಗಿದೆ. ಗ್ರೀನ್ ಕಾರ್ಡ್ ಇದ್ದವರು ಅಮೆರಿಕದಲ್ಲಿ ಮತ ಹಾಕುವಂತಿಲ್ಲ. ಸಂಬಳವಿಲ್ಲದೆ ಪ್ರಚಾರದ ಕೆಲಸ ಮಾಡಬಹುದು, ದೇಣಿಗೆಯನ್ನೂ ಕೊಡಬಹುದು. ನಮ್ಮವರಲ್ಲಿ ಬಹಳ ಜನಕ್ಕೆ ಇದು ಗೊತ್ತಿಲ್ಲ. "ನಮಗ್ಯಾಕೆ ಬೇಕು, ವೀಸಾ ತೊಂದರೆ ಆದೀತು" ಎಂದು ಸುಮ್ಮನಿದ್ದುಬಿಡುತ್ತಾರೆ. ನಾನೂ ಹಾಗೇ ಇದ್ದವನು.

ನನ್ನನ್ನು ಮನೆಯಿಂದ ಹೊರಗೆ ಎಳೆದದ್ದು ಭಾಷಣವಲ್ಲ, ಹೆಂಡತಿಯ ಆಸ್ತಮಾ. 2007ರಲ್ಲಿ ನನ್ನ ಕೆಲಸ ಹೋಯಿತು. ಹಳೆಯ ಕಂಪನಿಯ ಆರೋಗ್ಯ ವಿಮೆಯನ್ನು ಮುಂದುವರಿಸಲು ಅವಕಾಶವಿತ್ತು, ಆದರೆ ಪೂರ್ತಿ ಕಂತನ್ನು ನಾವೇ ಕಟ್ಟಬೇಕು. ಸಂಬಳವೇ ಇಲ್ಲದ ಮನೆಯಲ್ಲಿ ಅದು ಆಗದ ಮಾತು. ಮೂರು ತಿಂಗಳು ವಿಮೆಯಿಲ್ಲದೆ ಕಳೆದೆವು. ಹೊಸ ಕೆಲಸ ಸಿಕ್ಕಿದ ಮೇಲೆ ಬಂದ ವಿಮೆಯವರು, ಈ ಕಾಯಿಲೆ ಮೊದಲೇ ಇತ್ತು, ನಡುವೆ ವಿಮೆ ತಪ್ಪಿದೆ, ಆದ್ದರಿಂದ 12 ತಿಂಗಳು ಇದಕ್ಕೆ ಹಣ ಕೊಡುವುದಿಲ್ಲ ಎಂದರು. ಅವರ ಪ್ರಕಾರ ಅದು ಕಾನೂನುಬದ್ಧ. ಆ ಚಳಿಗಾಲದಲ್ಲಿ ಎರಡು ಸಲ ರಾತ್ರಿ ಎಮರ್ಜೆನ್ಸಿಗೆ ಓಡಿದೆವು. ಇನ್‌ಹೇಲರ್ ಒತ್ತಿ, ಉಸಿರು ಹಿಡಿದು, ಇನ್ನೊಮ್ಮೆ ಒತ್ತಲೋ ಬೇಡವೋ ಎಂದು ಅವಳು ಡಬ್ಬಿ ಅಲ್ಲಾಡಿಸಿ ನೋಡುತ್ತಿದ್ದದ್ದು ಈಗಲೂ ಕಣ್ಣ ಮುಂದಿದೆ. ಮೊದಲಿದ್ದ ಕಾಯಿಲೆಯ ನೆಪದಲ್ಲಿ ವಿಮೆ ನಿರಾಕರಿಸುವುದನ್ನು ನಿಲ್ಲಿಸುತ್ತೇನೆ ಎಂದ ಅಭ್ಯರ್ಥಿ ನನಗೆ ಬೇಕಿತ್ತು. ಅದರ ಮೇಲೆ ಇರಾಕ್. 2002ರ ಅಕ್ಟೋಬರ್‌ನಲ್ಲಿ, ದೊಡ್ಡ ದೊಡ್ಡವರೆಲ್ಲ ಯುದ್ಧಕ್ಕೆ ಕೈ ಎತ್ತುತ್ತಿದ್ದಾಗ, ಇಲಿನಾಯ್ ರಾಜ್ಯದ ಒಬ್ಬ ಶಾಸಕ ಶಿಕಾಗೋದ ಸಭೆಯಲ್ಲಿ ನಿಂತು ಇದು ತಪ್ಪು ಎಂದಿದ್ದ. ಆ ಒಂದು ಮಾತಿಗೆ ನಾನು ಅವನ ಕಡೆಯವನಾದೆ.

ನಾವಿದ್ದದ್ದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ. ಅಲ್ಲಿ ಪ್ರಚಾರ ಮಾಡಿ ಪ್ರಯೋಜನವಿಲ್ಲ. 1988ರ ನಂತರ ನ್ಯೂಜೆರ್ಸಿ ಯಾವ ರಿಪಬ್ಲಿಕನ್ ಅಧ್ಯಕ್ಷ ಅಭ್ಯರ್ಥಿಗೂ ಒಲಿದಿರಲಿಲ್ಲ. ಇಲ್ಲಿ ಅಧ್ಯಕ್ಷರನ್ನು ಆರಿಸುವುದು ರಾಜ್ಯವಾರು ಎಲೆಕ್ಟೋರಲ್ ಮತಗಳು, ಗೆಲ್ಲಲು 270 ಬೇಕು. ಪಕ್ಕದ ಪೆನ್ಸಿಲ್ವೇನಿಯಾದಲ್ಲಿ ಆಗ 21 ಇದ್ದವು. 2004ರಲ್ಲಿ ಡೆಮಾಕ್ರಟ್ ಜಾನ್ ಕೆರಿ ಅಲ್ಲಿ ಗೆದ್ದದ್ದು ಬಹಳ ಸಣ್ಣ ಅಂತರದಲ್ಲಿ. ರಿಪಬ್ಲಿಕನ್ ಅಭ್ಯರ್ಥಿ ಜಾನ್ ಮೆಕೇನ್ ಕಡೆಯವರು ಅದನ್ನು ಕಿತ್ತುಕೊಳ್ಳಲು ಹೊಂಚುಹಾಕಿದ್ದರು. ಅದಕ್ಕೇ ಎಡಿಸನ್‌ನ ನಾವು ಕೆಲವರು ರೂಟ್ ಒಂದು ಹಿಡಿದು, ಟ್ರೆಂಟನ್ ಹತ್ತಿರ ಡೆಲವೇರ್ ನದಿ ದಾಟಿ, ಬಕ್ಸ್ ಕೌಂಟಿಯ ಲೆವಿಟ್‌ಟೌನ್‌ಗೆ ಹೋಗುತ್ತಿದ್ದೆವು. ದಾಟುವಾಗ ಪಕ್ಕದ ಹಳೆಯ ಕಬ್ಬಿಣದ ಸೇತುವೆಯ ಮೇಲೆ 'ಟ್ರೆಂಟನ್ ಮೇಕ್ಸ್, ದ ವರ್ಲ್ಡ್ ಟೇಕ್ಸ್' ಎಂಬ ದೊಡ್ಡ ಅಕ್ಷರಗಳು ಕಾಣುತ್ತವೆ. ಟ್ರೆಂಟನ್ ಮಾಡುತ್ತದೆ, ಜಗತ್ತು ಕೊಳ್ಳುತ್ತದೆ ಎಂದು. ಕಾರ್ಖಾನೆಗಳು ಮುಚ್ಚಿ ಎಷ್ಟೋ ಕಾಲವಾದರೂ ಆ ಅಕ್ಷರಗಳು ಹಾಗೇ ಇವೆ.

ಮೊದಲ ದಿನ ಪ್ರಚಾರ ಕಚೇರಿಯಲ್ಲಿ ನಮ್ಮನ್ನು ಕೂರಿಸಿ ಪಾಠ ಹೇಳಿದವಳು ಇಪ್ಪತ್ತಮೂರು ವರ್ಷದ ಹುಡುಗಿ. ಖಾಲಿಯಾಗಿದ್ದ ಒಂದು ಅಂಗಡಿ ಮಳಿಗೆ, ಮಡಚುವ ಮೇಜುಗಳು, ಗೋಡೆಗೆ ಅಂಟಿಸಿದ ಮೂರು ಪದ: ಗೌರವಿಸು, ಬಲ ತುಂಬು, ಸೇರಿಸಿಕೊ. ಇದು ಒಬಾಮ ಪ್ರಚಾರದ ಒಳಗಿನ ಸೂತ್ರ, ಹೊರಗಿನ ಘೋಷಣೆಯಲ್ಲ. ಪ್ರತಿಯೊಬ್ಬರೂ ಎರಡು ನಿಮಿಷದಲ್ಲಿ ತಮ್ಮ ಕಥೆ ಹೇಳಬೇಕು, ತಾವು ಇಲ್ಲಿಗೆ ಯಾಕೆ ಬಂದೆವೆಂದು. ನಾನು ಆಸ್ತಮಾದ ಕಥೆ ಹೇಳಿದೆ. "ಇದೇ ಸಾಕು, ಬಾಗಿಲಲ್ಲೂ ಇದನ್ನೇ ಹೇಳಿ, ನೀತಿ ವಿವರಿಸಬೇಡಿ" ಎಂದಳು.

ಆಮೇಲೆ ಕೈಗೆ ಬಂತು ಕ್ಲಿಪ್‌ಬೋರ್ಡ್. ಅದರಲ್ಲಿ ರಸ್ತೆಯ ನಕ್ಷೆ, ಮನೆ ನಂಬರ್, ಮತದಾರರ ಹೆಸರು, ವಯಸ್ಸು, ಪಕ್ಷದ ನೋಂದಣಿ. ರಸ್ತೆಯ ಒಂದು ಬದಿ ಸಮಸಂಖ್ಯೆ, ಇನ್ನೊಂದು ಬದಿ ಬೆಸಸಂಖ್ಯೆ. ಒಂದು ಬದಿ ಮುಗಿಸಿ ಇನ್ನೊಂದು ಬದಿಯಲ್ಲಿ ವಾಪಸ್ ಬಂದರೆ ಕಾಲು ಉಳಿಯುತ್ತದೆ. ಹೆಸರಿನ ಮುಂದೆ ಒಂದರಿಂದ ಐದರವರೆಗೆ ಅಂಕಿ. ಒಂದು ಎಂದರೆ ಗಟ್ಟಿಯಾಗಿ ನಮ್ಮವರು, ಎರಡು ನಮ್ಮ ಕಡೆ ವಾಲಿದವರು, ಮೂರು ತೀರ್ಮಾನವಾಗದವರು, ನಾಲ್ಕು ಆ ಕಡೆ ವಾಲಿದವರು, ಐದು ಗಟ್ಟಿಯಾಗಿ ಅವರವರು. ಯಾರದ್ದಾದರೂ ಅಂಕಿಗೆ ಸುತ್ತು ಹಾಕುವಾಗ ಸಂಕೋಚದಿಂದ ಅವರನ್ನು ನಮ್ಮ ಕಡೆಗೆ ಎಳೆದುಕೊಳ್ಳಬಾರದು. ನಗುತ್ತಾ ಮಾತಾಡಿದ ಮಾತ್ರಕ್ಕೆ ಅವರು ಎರಡಲ್ಲ. ಕರಪತ್ರವನ್ನು ಅಂಚೆಪೆಟ್ಟಿಗೆಯೊಳಗೆ ಹಾಕುವಂತಿಲ್ಲ, ಅದು ಅಂಚೆ ಇಲಾಖೆಯ ಕಾನೂನಿಗೆ ವಿರುದ್ಧ. ಬಾಗಿಲ ಹಿಡಿಗೆ ಸಿಕ್ಕಿಸಬೇಕು. ಪೆನ್ ಬೇಡ, ಪೆನ್ಸಿಲ್ ಇಟ್ಟುಕೊಳ್ಳಿ. ಮಳೆ ಚಳಿಯಲ್ಲಿ ಪೆನ್ ಕೈಕೊಡುತ್ತದೆ.

ಇದನ್ನೆಲ್ಲ ಕೇಳುತ್ತಿದ್ದರೆ ನನಗೆ ಅಪ್ಪನ ನೆನಪು. ಅಪ್ಪ ಮೂಡಿಗೆರೆ ಕಡೆ ಕಾಫಿ ತೋಟದಲ್ಲಿ ರೈಟರ್ ಆಗಿದ್ದವರು. 1978ರ ನವೆಂಬರ್‌ನಲ್ಲಿ ಚಿಕ್ಕಮಗಳೂರಿನ ಉಪಚುನಾವಣೆಗೆ ಇಂದಿರಾ ಗಾಂಧಿ ನಿಂತಾಗ ಅಪ್ಪ ಜನತಾ ಪಕ್ಷದ ವೀರೇಂದ್ರ ಪಾಟೀಲರ ಪರ ಕೆಲಸ ಮಾಡಿದ್ದರು. ಇಡೀ ದೇಶದ ಪತ್ರಕರ್ತರು ಊರಲ್ಲಿದ್ದರು, ದೊಡ್ಡ ನಾಯಕರೆಲ್ಲ ಬಂದು ಭಾಷಣ ಮಾಡಿ ಹೋದರು. ಅಪ್ಪ ಒಂದೂ ಭಾಷಣಕ್ಕೆ ಹೋಗಲಿಲ್ಲವಂತೆ. ಸಂಜೆಯಾದರೆ ಮತದಾರರ ಪಟ್ಟಿ ಹಿಡಿದು ತೋಟದ ಕೆಲಸಗಾರರ ಲೈನ್ ಮನೆಗಳಿಗೆ ಹೋಗುವುದು, ಯಾರು ಬರುತ್ತಾರೆ, ಯಾರಿಗೆ ಆ ದಿನ ಗಾಡಿ ಬೇಕು ಎಂದು ಗುರುತು ಹಾಕಿಕೊಳ್ಳುವುದು, ಅಷ್ಟೇ. ಪಾಟೀಲರು ಸೋತರು. ಅಪ್ಪನ ಬೂತ್‌ನಲ್ಲಿ ಮಾತ್ರ ಜನತಾ ಮುಂದಿತ್ತು. ಆ ಲೆಕ್ಕ ಅಪ್ಪನಿಗೆ ಕೊನೆಯವರೆಗೂ ಬಾಯಿಪಾಠವಿತ್ತು.

ಲೆವಿಟ್‌ಟೌನ್ ನೋಡಲು ಒಂದೇ ಅಚ್ಚಿನಲ್ಲಿ ಒತ್ತಿದ ಊರು. 1950ರ ದಶಕದಲ್ಲಿ ವಿಲಿಯಂ ಲೆವಿಟ್ ಎಂಬ ಬಿಲ್ಡರ್ ಇಲ್ಲಿ 17 ಸಾವಿರಕ್ಕೂ ಹೆಚ್ಚು ಮನೆ ಕಟ್ಟಿ ಮಾರಿದ. ಬಡಾವಣೆಯ ಹೆಸರು ಯಾವ ಅಕ್ಷರದಿಂದ ಶುರುವಾಗುತ್ತದೋ ಅದರೊಳಗಿನ ರಸ್ತೆಗಳ ಹೆಸರೂ ಅದೇ ಅಕ್ಷರದಿಂದ. ಹೊಸಬನಿಗೆ ಇದು ವರ, ದಾರಿ ತಪ್ಪಿದರೆ ಅಕ್ಷರ ನೋಡಿ ಗೊತ್ತಾಗುತ್ತದೆ. ಹತ್ತಿರದ ಯು.ಎಸ್. ಸ್ಟೀಲ್‌ನ ಫೇರ್‌ಲೆಸ್ ವರ್ಕ್ಸ್ ಉಕ್ಕಿನ ಕಾರ್ಖಾನೆಯವರಿಗೆ ಇಲ್ಲಿ ಬಹಳ ಮನೆಗಳಿದ್ದವು. 1991ರಲ್ಲಿ ಅದರ ಮುಖ್ಯ ಭಾಗ ಮುಚ್ಚಿತು. ಜನ ಇಲ್ಲೇ ಉಳಿದರು. ಹೆಚ್ಚಿನವರು ಡೆಮಾಕ್ರಟರು, ಯೂನಿಯನ್ನಿನವರು. ಆದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಏಪ್ರಿಲ್ 22ರ ಪ್ರೈಮರಿಯಲ್ಲಿ ಈ ಕೌಂಟಿ ಒಬಾಮನ ಎದುರಾಳಿ ಹಿಲರಿ ಕ್ಲಿಂಟನ್‌ಗೆ ಭಾರಿ ಮುನ್ನಡೆ ಕೊಟ್ಟಿತ್ತು. ಕಷ್ಟದ ಊರಿನ ಜನ ಕಹಿಯಾಗಿ ಬಂದೂಕಿಗೆ, ಧರ್ಮಕ್ಕೆ ಜೋತುಬೀಳುತ್ತಾರೆ ಎಂದು ಅದೇ ತಿಂಗಳು ಒಬಾಮ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆಡಿದ ಮಾತು ಇವರಿಗೆ ಚುಚ್ಚಿತ್ತು. ನಮ್ಮ ನಾಯಕನೇ ಆಡಿದ ತಪ್ಪು ಮಾತು ಅದು. ಬಾಗಿಲಲ್ಲಿ ನಾನು ಅದನ್ನು ಸಮರ್ಥಿಸಲು ಹೋಗಲಿಲ್ಲ.

ಮೊದಲ ವಾರ ನಾನು ಮಾಡಿದ ಕೆಲಸ ಕೆಟ್ಟದಾಗಿತ್ತು. ಬಾಗಿಲು ತೆರೆದ ಕೂಡಲೇ ಒಬಾಮನ ತೆರಿಗೆ ಯೋಜನೆ ಒಪ್ಪಿಸುತ್ತಿದ್ದೆ: ಎರಡೂವರೆ ಲಕ್ಷ ಡಾಲರ್‌ಗಿಂತ ಕಡಿಮೆ ಆದಾಯದ ಕುಟುಂಬಕ್ಕೆ ತೆರಿಗೆ ಏರುವುದಿಲ್ಲ ಎಂದು. ಜನ ಕೇಳಿಸಿಕೊಂಡು, ಥ್ಯಾಂಕ್ಯೂ ಹೇಳಿ, ಬಾಗಿಲು ಹಾಕುತ್ತಿದ್ದರು. ಸಂಜೆ ಎಣಿಸಿದರೆ 38 ಬಾಗಿಲು, ಮಾತಾಗಿದ್ದು ಒಂಬತ್ತು, ಅದರಲ್ಲಿ ನಿಜವಾದ ಮಾತುಕತೆ ಎರಡು. ಆ ಹುಡುಗಿ ಮರುದಿನ ನನ್ನ ಜೊತೆ ನಾಲ್ಕು ಬಾಗಿಲಿಗೆ ಬಂದಳು. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಈ ಸಲ ನಿಮ್ಮ ಮನಸ್ಸಲ್ಲಿ ಏನಿದೆ?" ಆಮೇಲೆ ಸುಮ್ಮನೆ ನಿಂತಳು. ಆ ಮೌನ ನನಗೆ ತಡೆಯಲಾಗಲಿಲ್ಲ, ಬಾಯಿ ತೆರೆಯಲು ಹೋದೆ, ಅವಳು ಕಣ್ಣಲ್ಲೇ ತಡೆದಳು. ಹತ್ತು ಸೆಕೆಂಡಿನ ನಂತರ ಮನೆಯಾತ ಮಾತು ಶುರು ಮಾಡಿದ. ನಿಲ್ಲಿಸಿದ್ದು ಕಾಲು ಗಂಟೆ ಕಳೆದ ಮೇಲೆ.

ಆ ಹೊತ್ತಿಗೆ ಸರಿಯಾಗಿ ಆರ್ಥಿಕ ಕುಸಿತ. ಸೆಪ್ಟೆಂಬರ್ 15ರಂದು ಲೀಮನ್ ಬ್ರದರ್ಸ್ ದಿವಾಳಿಯಾಯಿತು. ಅದೇ ದಿನ ಮೆಕೇನ್ ನಮ್ಮ ಆರ್ಥಿಕತೆಯ ಬುನಾದಿ ಗಟ್ಟಿಯಾಗಿದೆ ಎಂದರು. ಆ ಮಾತನ್ನು ಲೆವಿಟ್‌ಟೌನ್‌ನ ಯಾವ ಮನೆಯೂ ಮರೆಯಲಿಲ್ಲ. ಪಿಂಚಣಿ ಉಳಿತಾಯ ಕರಗುತ್ತಿದ್ದ ಜನಕ್ಕೆ ಅದು ಕೇಳಿಸಿದ ರೀತಿಯೇ ಬೇರೆ. ಮೆಕೇನ್ ಯುದ್ಧಕೈದಿಯಾಗಿ ಐದೂವರೆ ವರ್ಷ ನರಳಿದ ಮನುಷ್ಯ, ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಅವರ ಆರೋಗ್ಯ ಯೋಜನೆ ಕೆಟ್ಟದ್ದು. ಕಂಪನಿ ಕೊಡುವ ಆರೋಗ್ಯ ವಿಮೆಯನ್ನು ಆದಾಯವೆಂದು ಲೆಕ್ಕ ಹಿಡಿದು ತೆರಿಗೆ ಹಾಕಿ, ಬದಲಿಗೆ ಕುಟುಂಬಕ್ಕೆ ವಿಮೆ ಕೊಳ್ಳಲು 5,000 ಡಾಲರ್ ಟ್ಯಾಕ್ಸ್ ಕ್ರೆಡಿಟ್ ಕೊಡುವುದು. ಆಸ್ತಮಾ ಇರುವವಳಿಗೆ ಆ ಹಣಕ್ಕೆ ಸ್ವಂತವಾಗಿ ವಿಮೆ ಕೊಡುವವರು ಯಾರು? ಈ ಪ್ರಶ್ನೆಯನ್ನು ನಾನು ಹೋದ ಕಡೆಯೆಲ್ಲ ಕೇಳಿದೆ. 

ಅಕ್ಟೋಬರ್ ಮೊದಲ ವಾರ ಒಬ್ಬ ನಿವೃತ್ತ ಉಕ್ಕಿನ ಕೆಲಸಗಾರ. ಎಪ್ಪತ್ತರ ಆಸುಪಾಸು, ಫಿಲಾಡೆಲ್ಫಿಯಾ ಬೇಸ್‌ಬಾಲ್ ತಂಡ ಫಿಲ್ಲೀಸ್‌ನ ಟೋಪಿ, ಗ್ಯಾರೇಜ್‌ನಲ್ಲಿ ಹುಲ್ಲು ಕತ್ತರಿಸುವ ಯಂತ್ರ ಬಿಚ್ಚಿಕೊಂಡು ಕೂತಿದ್ದ. "ನಾನು ಡೆಮಾಕ್ರಟ್. ಆದರೆ ಆ ಹುಡುಗನಿಗೆ ಹಾಕಲ್ಲ. ಅನುಭವ ಇಲ್ಲ" ಎಂದ. ಅನುಭವ ಎಂಬ ಪದದ ಹಿಂದೆ ಇನ್ನೊಂದು ಪದ ಅಡಗಿರಬಹುದೆಂದು ನಮಗೆಲ್ಲ ಗೊತ್ತಿತ್ತು. ಅಮೆರಿಕದ ಕಾರ್ಮಿಕ ಒಕ್ಕೂಟದ ನಾಯಕ ರಿಚರ್ಡ್ ಟ್ರಂಕಾ, ಅವರೂ ಪೆನ್ಸಿಲ್ವೇನಿಯಾದ ಗಣಿ ಊರಿನವರು, ಆ ಜುಲೈನಲ್ಲಿ ಉಕ್ಕು ಕಾರ್ಮಿಕರ ಸಮಾವೇಶದಲ್ಲಿ ಇದನ್ನು ನೇರವಾಗಿ ಹೇಳಿದ್ದರು: ಕಪ್ಪು ಮನುಷ್ಯ ಎಂಬ ಕಾರಣಕ್ಕೆ ಒಬಾಮನಿಗೆ ಮತ ಹಾಕದಿರಲು ನಮ್ಮವರಿಗೆ ಯಾವ ಸಮರ್ಥನೆಯೂ ಇಲ್ಲ ಎಂದು. ಟ್ರಂಕಾಗೆ ಆ ಮಾತಿನ ಅಧಿಕಾರವಿತ್ತು, ನನಗಿರಲಿಲ್ಲ. ನಾನು ಕೇಳಿದ್ದು ಇಷ್ಟು: "ಮನೆಯವರ ಆರೋಗ್ಯ ಹೇಗಿದೆ?" ಆತ ಸ್ಪ್ಯಾನರ್ ಕೆಳಗಿಟ್ಟ. ಹೆಂಡತಿಗೆ ಕಿಡ್ನಿ ತೊಂದರೆ, ಮೂರು ಮಾತ್ರೆಯಲ್ಲಿ ಒಂದಕ್ಕೆ ವಿಮೆ ಇಲ್ಲ. ನಾನು ನನ್ನ ಮನೆಯ ಇನ್‌ಹೇಲರ್ ಕಥೆ ಹೇಳಿದೆ. ಗ್ರೀಸ್ ಮೆತ್ತಿದ ಕೈಯನ್ನು ಬಟ್ಟೆಗೆ ಒರೆಸುತ್ತಾ ಬಹಳ ಹೊತ್ತು ಕೇಳಿದ. ಹೊರಡುವಾಗ ಕರಪತ್ರ ತೆಗೆದುಕೊಂಡ. ಐದು ಎಂದು ಬರೆಯಲು ಹೋದವನು ಮೂರು ಬರೆದೆ. ಮೂರು ವಾರ ಬಿಟ್ಟು ಮತ್ತೆ ಹೋದಾಗ ಆತನೇ, "ಎರಡು ಅಂತ ಬರಕೋ" ಎಂದ. ಆ ಅಂಕಿಯ ಗುಟ್ಟು ಯೂನಿಯನ್ನಿನ ಮನುಷ್ಯನಿಗೆ ಗೊತ್ತಿರದೇ ಇರುತ್ತದೆಯೇ!

ಬಾಗಿಲುಗಳಲ್ಲಿ ಅತಿ ಹೆಚ್ಚು ಕೇಳಿದ್ದು ಒಬಾಮ ಮುಸ್ಲಿಮನಂತೆ ಎಂಬ ಪ್ರಶ್ನೆ. ನಮಗೆ ಕೊಟ್ಟ ಕಾಗದದಲ್ಲಿ ಉತ್ತರವಿತ್ತು: ಅಲ್ಲ, ಅವರು ಕ್ರೈಸ್ತರು. ನಾನು ಅದನ್ನೇ ಒಪ್ಪಿಸುತ್ತಿದ್ದೆ. ಆದರೆ ಪ್ರತಿ ಸಲವೂ ಬಾಯಲ್ಲಿ ಕಹಿ. ನಮ್ಮ ತೋಟದ ಲೈನ್ ಮನೆಗಳಲ್ಲಿ ಬ್ಯಾರಿ ಕುಟುಂಬಗಳ ನಡುವೆ ಬೆಳೆದವನು ನಾನು, 'ಅಲ್ಲ' ಎಂದಷ್ಟೇ ಹೇಳಿದರೆ, ಆಗಿದ್ದರೆ ತಪ್ಪು ಎಂದು ಒಪ್ಪಿದ ಹಾಗಲ್ಲವೇ? ಅಕ್ಟೋಬರ್ 19ರ ಭಾನುವಾರ ಕಾಲಿನ್ ಪವೆಲ್ ಟಿವಿಯಲ್ಲಿ ಒಬಾಮನಿಗೆ ಬೆಂಬಲ ಘೋಷಿಸಿದರು. ಬುಷ್ ಸರ್ಕಾರದಲ್ಲೇ ವಿದೇಶಾಂಗ ಮಂತ್ರಿಯಾಗಿದ್ದವರು, ರಿಪಬ್ಲಿಕನ್, ಸೇನಾಧಿಕಾರಿ. ಒಬಾಮ ಮುಸ್ಲಿಮರಲ್ಲ, ಆದರೆ ಆಗಿದ್ದರೆ ಏನು, ಈ ದೇಶದಲ್ಲಿ ಮುಸ್ಲಿಮನಾಗಿರುವುದು ತಪ್ಪೇ ಎಂದು ಅವರು ಕೇಳಿದರು. ಆರ್ಲಿಂಗ್ಟನ್ ಸೈನಿಕ ಸ್ಮಶಾನದಲ್ಲಿ ಮಗನ ಸಮಾಧಿಯ ಮುಂದೆ ಕೂತ ಒಬ್ಬ ತಾಯಿಯ ಚಿತ್ರದ ಬಗ್ಗೆ ಹೇಳಿದರು. ಸಮಾಧಿಯ ಕಲ್ಲಿನ ಮೇಲೆ ಅರ್ಧಚಂದ್ರ ಮತ್ತು ನಕ್ಷತ್ರ, ಇರಾಕ್‌ನಲ್ಲಿ ಸತ್ತ ಇಪ್ಪತ್ತು ವರ್ಷದ ಸೈನಿಕ, ನಮ್ಮ ನ್ಯೂಜೆರ್ಸಿಯ ಹುಡುಗ. ಮರುವಾರದಿಂದ ನಾನು ಬಾಗಿಲುಗಳಲ್ಲಿ ಆ ಹುಡುಗನ ಕಥೆಯನ್ನೂ ಸೇರಿಸಿ ಹೇಳಿದೆ. ಕೆಲವರು ಮುಖ ಗಂಟಿಕ್ಕಿದರು. ಒಬ್ಬ ನಿವೃತ್ತ ಸೈನಿಕ ಹೊಸಿಲು ದಾಟಿ ಹೊರಗೆ ಬಂದು ಕೈ ಕುಲುಕಿದ.

ಇನ್ನೊಂದು ಬಾಗಿಲ ಬಗ್ಗೆ ಬರೆಯಲೇಬೇಕು. ಲೆವಿಟ್ ಈ ಮನೆಗಳನ್ನು ಬಿಳಿಯರಿಗೆ ಮಾತ್ರ ಮಾರುತ್ತಿದ್ದ. 1957ರ ಆಗಸ್ಟ್‌ನಲ್ಲಿ ಬಿಲ್ ಮತ್ತು ಡೇಯ್ಸಿ ಮೈಯರ್ಸ್ ಎಂಬ ಕಪ್ಪು ದಂಪತಿ ಮಕ್ಕಳನ್ನು ಕಟ್ಟಿಕೊಂಡು ಡೀಪ್‌ಗ್ರೀನ್ ಲೇನ್‌ನ ಒಂದು ಮನೆಗೆ ಬಂದರು, ಹಳೆಯ ಮಾಲೀಕರಿಂದ ಕೊಂಡು. ಮನೆಯ ಮುಂದೆ ನೂರಾರು ಜನ ಸೇರಿದರು, ಕಲ್ಲು ತೂರಿದರು, ಗಾಜು ಒಡೆದರು. ವಾರಗಟ್ಟಲೆ ನಡೆದ ಈ ಕಿರುಕುಳ ತಡೆಯಲು ರಾಜ್ಯ ಪೊಲೀಸರು ಬರಬೇಕಾಯಿತು. ಮೈಯರ್ಸ್ ಕುಟುಂಬ ಜಗ್ಗಲಿಲ್ಲ, ಮುಂದೆ ಕೆಲವು ವರ್ಷ ಅಲ್ಲೇ ಬಾಳಿತು. ನನಗೆ ಇದು ಗೊತ್ತಾದದ್ದು ಒಬ್ಬ ಹೆಂಗಸಿನಿಂದ. ಹ್ಯಾಲೋವೀನ್‌ಗೆ ಮೆಟ್ಟಿಲ ಮೇಲೆ ಕುಂಬಳಕಾಯಿ ಇಟ್ಟಿದ್ದರು, ನಾನು ಪ್ರಶ್ನೆ ಕೇಳುವ ಮೊದಲೇ ಮೆಟ್ಟಿಲಲ್ಲಿ ಕೂತು, ನನಗೂ ಕೂರಲು ಹೇಳಿದರು. "ಆಗ ನನಗೆ ಹತ್ತು ವರ್ಷ. ಆ ಗುಂಪಿನಲ್ಲಿ ನಮ್ಮಪ್ಪ ಇದ್ದ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದ, ಚೆನ್ನಾಗಿ ಕಾಣಲಿ ಅಂತ. ಕಿಟಕಿಯ ಪರದೆ ಸರಿಸಿ ಆ ತಾಯಿ ಒಂದು ಸಲ ಹೊರಗೆ ನೋಡಿದಳು. ನಾನು ಅವಳನ್ನು ನೋಡಿದೆ." ಆಮೇಲೆ ಏನೂ ಹೇಳಲಿಲ್ಲ. ಕುಂಬಳಕಾಯಿಯ ತೊಟ್ಟನ್ನು ತಿರುಗಿಸುತ್ತಾ ಕೂತಿದ್ದರು. ನಾನು ಪೆನ್ಸಿಲ್ ಎತ್ತಲಿಲ್ಲ. ಅವರೇ ಎದ್ದು, "ಒಂದು ಅಂತ ಬರೆದುಕೊಳ್ಳಪ್ಪ, ಮತ್ತೆ ನಾಳೆಯಿಂದ ನಾನೂ ಬರುತ್ತೇನೆ, ನನಗೂ ಒಂದು ಪಟ್ಟಿ ಕೊಡಿಸು" ಎಂದರು. ನಿಜಕ್ಕೂ ಬಂದರು. ಮೊಣಕಾಲು ನೋವಿಗೆ ನಡೆಯಲಾಗುತ್ತಿರಲಿಲ್ಲ; ಕಚೇರಿಯಲ್ಲಿ ಕೂತು ಫೋನ್ ಮಾಡಿದರು, ನವೆಂಬರ್ 4ರ ತನಕ.

ನಮ್ಮವರ ಕಡೆಯಿಂದ ನನಗೆ ಸಿಕ್ಕಿದ ಬೆಂಬಲ ಕಡಿಮೆ. ಕನ್ನಡ ಸಂಘದಲ್ಲಿ ಹೆಚ್ಚಿನವರು ಹಿಲರಿ ಪರ ಇದ್ದವರು. 2007ರಲ್ಲಿ ಒಬಾಮ ಪ್ರಚಾರದವರು ಹಿಲರಿಯನ್ನು ಪಂಜಾಬಿನ ಪ್ರತಿನಿಧಿ ಎಂದು ಹಂಗಿಸಿ ಒಂದು ಟಿಪ್ಪಣಿ ಹೊರಡಿಸಿದ್ದರು, ಆ ಸಿಟ್ಟು ಉಳಿದಿತ್ತು. ನನಗೂ ಆಗ ಬೇಸರವಾಗಿತ್ತು. ಒಬಾಮ ಅದು ಮೂರ್ಖತನ ಎಂದು ಒಪ್ಪಿಕೊಂಡ ಮೇಲೆ ನಾನು ಅದನ್ನು ಅಲ್ಲಿಗೆ ಬಿಟ್ಟೆ. ಅಣು ಒಪ್ಪಂದ ಕೊಟ್ಟ ಬುಷ್ ಪಕ್ಷವೇ ಭಾರತಕ್ಕೆ ಒಳ್ಳೆಯದು ಎನ್ನುವವರೂ ಇದ್ದರು. ನಾವು ಬದುಕುವುದು ಇಲ್ಲಿ, ನಮ್ಮ ಮಕ್ಕಳು ಓದುವುದು ಇಲ್ಲಿ, ಮತವನ್ನು ಈ ನೆಲದ ಲೆಕ್ಕದಲ್ಲಿ ಹಾಕಬೇಕು ಎಂಬುದು ನನ್ನ ವಾದ. ದೀಪಾವಳಿಗೆ ಮನೆಗೆ ಬಂದವರ ಜೊತೆಯೂ ಇದೇ ಜಗಳ.

ಪೆನ್ಸಿಲ್ವೇನಿಯಾದಲ್ಲಿ ಆಗ ಮುಂಚಿತ ಮತದಾನ ಇರಲಿಲ್ಲ. ಎಲ್ಲ ಒಂದೇ ದಿನ, ಬೆಳಿಗ್ಗೆ ಏಳರಿಂದ ರಾತ್ರಿ ಎಂಟರವರೆಗೆ. ಆದ್ದರಿಂದ ಕೊನೆಯ ನಾಲ್ಕು ದಿನ ಯಾರ ಮನಸ್ಸನ್ನೂ ಬದಲಿಸುವ ಪ್ರಯತ್ನವಿಲ್ಲ. ಪಟ್ಟಿಯಲ್ಲಿ ಒಂದು ಮತ್ತು ಎರಡು ಮಾತ್ರ. ಎಷ್ಟು ಗಂಟೆಗೆ ಹೋಗುತ್ತೀರಿ, ಕೆಲಸಕ್ಕೆ ಮೊದಲೋ ಆಮೇಲೋ, ಹೇಗೆ ಹೋಗುತ್ತೀರಿ, ಮಗುವನ್ನು ಯಾರು ನೋಡಿಕೊಳ್ಳುತ್ತಾರೆ? ಈ ನಾಲ್ಕು ಪ್ರಶ್ನೆಗೆ ಉತ್ತರ ಬಾಯಿಬಿಟ್ಟು ಹೇಳಿದವರು ಮತಗಟ್ಟೆಗೆ ಹೋಗುವ ಸಾಧ್ಯತೆ ಹೆಚ್ಚು. ಆ ಬೂತ್‌ನಲ್ಲಿ ಮೊದಲ ಸಲ ಮತ ಹಾಕುವವರು ಮಾತ್ರ ಗುರುತಿನ ಚೀಟಿ ತರಬೇಕು, ಎಂಟಕ್ಕೆ ಸಾಲಿನಲ್ಲಿದ್ದರೆ ಮತ ಹಾಕಬಹುದು. ಇವೆರಡನ್ನು ಪ್ರತಿ ಬಾಗಿಲಲ್ಲೂ ಹೇಳಿದೆ.

ನವೆಂಬರ್ 1, ಶನಿವಾರ, ಸಂಘದಲ್ಲಿ ರಾಜ್ಯೋತ್ಸವ. ಮಗಳು ಕೋಲಾಟದಲ್ಲಿದ್ದಳು. ನಾನು ಹೋಗಲಿಲ್ಲ. ಹೆಂಡತಿ ಬೆಳಿಗ್ಗೆ ದೊಡ್ಡ ಡಬ್ಬಿ ತುಂಬ ಚಿತ್ರಾನ್ನ ಕಟ್ಟಿಕೊಟ್ಟು, "ಅವರಿಗೂ ಕೊಡಿ ರೀ, ಬರೀ ಪಿಜ್ಜಾ ತಿಂದು ಒದ್ದಾಡ್ತಿದಾರೆ" ಎಂದಳು, ಅಷ್ಟೇ. ಮಗಳ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಸೋಮವಾರ ಒಬಾಮನನ್ನು ಸಾಕಿದ ಅಜ್ಜಿ ಹವಾಯಿಯಲ್ಲಿ ತೀರಿಕೊಂಡ ಸುದ್ದಿ ಬಂತು. ಅವರು ಮೊದಲೇ ಅಂಚೆಯಲ್ಲಿ ಮತ ಕಳಿಸಿದ್ದರು, ಅದು ಲೆಕ್ಕಕ್ಕೆ ಸೇರುತ್ತದೆ ಎಂದು ಅಲ್ಲಿನ ಅಧಿಕಾರಿಗಳು ಹೇಳಿದರು. ಕಚೇರಿಯಲ್ಲಿ ಫೋನ್ ಹಿಡಿದಿದ್ದ ಮೊಣಕಾಲು ನೋವಿನ ಹೆಂಗಸು ಎರಡು ನಿಮಿಷ ಕಣ್ಣು ಮುಚ್ಚಿ ಕೂತು, ಮತ್ತೆ ನಂಬರ್ ಒತ್ತಿದರು.

ಮಂಗಳವಾರ ರಜೆ ಹಾಕಿ ಬೆಳಗಿನ ಜಾವ ನಾಲ್ಕಕ್ಕೆ ಹೊರಟೆ. ನನ್ನ ಪಾಲಿಗೆ 61 ಹೆಸರು. ಬೆಳಕು ಹರಿಯುವ ಮೊದಲೇ ಬಾಗಿಲ ಹಿಡಿಗಳಿಗೆ ಮತಗಟ್ಟೆಯ ವಿಳಾಸ ಸಿಕ್ಕಿಸಿ ಬಂದೆ. ಆಮೇಲೆ ಹತ್ತಕ್ಕೆ, ಎರಡಕ್ಕೆ, ಐದಕ್ಕೆ ಸುತ್ತು. ಮತ ಹಾಕಿದವರ ಹೆಸರಿನ ಮೇಲೆ ಗೆರೆ. ಉಕ್ಕಿನ ಕೆಲಸಗಾರ ಹೆಂಡತಿಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಹನ್ನೊಂದಕ್ಕೇ ಮುಗಿಸಿದ್ದ. ಏಳೂವರೆಗೆ ಉಳಿದಿದ್ದ ಹೆಸರುಗಳಲ್ಲಿ ಒಬ್ಬ ಹತ್ತೊಂಬತ್ತರ ಹುಡುಗ. ಪಾಳಿ ಮುಗಿಸಿ ಆಗಷ್ಟೇ ಬಂದಿದ್ದ, ಇನ್ನೆಲ್ಲಿ ಹೋಗುವುದು ಎಂದ. ನನ್ನ ಕಾರಿನಲ್ಲೇ ಕೂರಿಸಿಕೊಂಡು ಹೋದೆ. ಎಂಟಕ್ಕೆ ಏಳು ನಿಮಿಷವಿದ್ದಾಗ ಸಾಲಿಗೆ ಸೇರಿದ. ನಾನು ಹೊರಗೆ ಚಳಿಯಲ್ಲಿ ನಿಂತಿದ್ದೆ. ಆಚೆ ಬಂದು ಅಂಗಿಯ ಮೇಲಿನ 'ನಾನು ಮತ ಹಾಕಿದೆ' ಎಂಬ ಸ್ಟಿಕ್ಕರ್ ತೋರಿಸಿದ.

ವಾಪಸ್ ಬರುವಾಗ ರೇಡಿಯೋದಲ್ಲಿ ಪೆನ್ಸಿಲ್ವೇನಿಯಾ ಒಬಾಮನದ್ದು ಎಂದು ಹೇಳಿದರು. ಕಾರು ಪಕ್ಕಕ್ಕೆ ನಿಲ್ಲಿಸಿ ಅತ್ತೆ. ರಾತ್ರಿ ಹನ್ನೊಂದಕ್ಕೆ ಎಲ್ಲ ಚಾನೆಲ್‌ಗಳೂ ಒಟ್ಟಿಗೇ ಒಬಾಮ ಅಧ್ಯಕ್ಷರೆಂದು ಘೋಷಿಸಿದವು. ಮೆಕೇನ್ ಫೀನಿಕ್ಸ್‌ನಲ್ಲಿ ಘನತೆಯಿಂದ ಸೋಲು ಒಪ್ಪಿಕೊಂಡರು. ಹೆಂಡತಿ ಸೋಫಾದಲ್ಲಿ ಮಗಳನ್ನು ಎಬ್ಬಿಸಿ ಕೂರಿಸಿದ್ದಳು.

ಆಗ ಊರಿಂದ ಫೋನ್. ಮೂಡಿಗೆರೆಯಲ್ಲಿ ಬೆಳಿಗ್ಗೆ ಒಂಬತ್ತೂವರೆ ದಾಟಿತ್ತು, ಅಪ್ಪ ಟಿವಿ ಮುಂದೆ ಕೂತಿದ್ದರು.

"ಗೆದ್ದೆವು ಅಪ್ಪ" ಎಂದೆ.

"ಅದು ಟಿವೀಲಿ ಬಂತು ಮಗ. ನಿನ್ನ ಪಟ್ಟೀಲಿ ಎಷ್ಟು ಜನ, ಎಷ್ಟು ಜನ ಬಂದ್ರು?"

"ಅರವತ್ತೊಂದು. ಐವತ್ತನಾಲ್ಕು ಬಂದರು."

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಉಳಿದ ಏಳು ಜನ ಯಾಕೋ ಬರಲಿಲ್ಲ?" ಎಂದರು.

ಕ್ಲಿಪ್‌ಬೋರ್ಡ್ ಇನ್ನೂ ಮಡಿಲಲ್ಲೇ ಇತ್ತು. ಗೆರೆ ಬೀಳದ ಹೆಸರುಗಳನ್ನು ನೋಡುತ್ತಾ ಒಂದೊಂದಾಗಿ ಹೇಳತೊಡಗಿದೆ.